ಹತ್ತಕ್ಕೆ ಎಂಟು

2017ರಲ್ಲಿ ನಾನೊಂದು ಕಾಗದದ ಮೇಲೆ ‘8’ ಅಂತ ಬರೆದೆ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೊಸ ಸಾಫ್ಟ್‌ವೇರ್ ತರಬೇಕಿತ್ತು. ಖರೀದಿ ಸಮಿತಿಯ ಮುಂದಿಡಲು ಒಂದು ಕಂಪ್ಯಾರೆಟಿವ್ ಸ್ಟೇಟ್‌ಮೆಂಟ್ ತಯಾರಿಸಿದ್ದೆ. ಮೇಲುಗಡೆ ನಾಲ್ಕು ಸಾಫ್ಟ್‌ವೇರ್‌ಗಳ ಹೆಸರು. ಎಡಗಡೆ ಬೆಲೆ, ವರ್ಷದ ನಿರ್ವಹಣೆ ಖರ್ಚು, ಬಾರ್‌ಕೋಡ್ ಇದೆಯಾ, ಓಪ್ಯಾಕ್ (ಓದುಗರೇ ಪುಸ್ತಕ ಹುಡುಕುವ ಪುಟ) ಇದೆಯಾ, ದಂಡದ ಲೆಕ್ಕ ತಾನೇ ಹಾಕುತ್ತದಾ ಅಂತ ಒಂದೊಂದೇ ಸಾಲು. ಕಟ್ಟಕಡೆಯ ಸಾಲು, ‘ಗುಣಮಟ್ಟ ಮತ್ತು ಪಕ್ವತೆ, 10ಕ್ಕೆ’. ಆ ಸಾಲಿನಲ್ಲಿ, ನಾಲ್ಕರಲ್ಲಿ ಒಂದಾದ ಕೋಹಾ ಅನ್ನೋ ಸಾಫ್ಟ್‌ವೇರಿನ ಕೆಳಗೆ 8 ಹಾಕಿದೆ. ಯಾಕೆ 8, ಯಾಕೆ 6 ಅಲ್ಲ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಭೆ ಮುಗಿಯಿತು, ಸಹಿ ಆಯಿತು, ಕಾಗದ ಫೈಲಿಗೆ ಹೋಯಿತು. ಆದರೆ ಆ ಅಂಕಿ ನನ್ನನ್ನು ಬಿಡಲಿಲ್ಲ. ನಾನು ಏನನ್ನು ನೋಡಿ ಅದನ್ನು ಬರೆದೆ, ಏನನ್ನು ನೋಡಬೇಕಿತ್ತು ಅನ್ನೋದನ್ನು ಇಷ್ಟು ವರ್ಷ ಆಗಾಗ ಯೋಚಿಸುತ್ತಲೇ ಇದ್ದೇನೆ.

ಗ್ಯಾರಂಟಿ ಯಾರು?

ಹಳೆಯ ಸಾಫ್ಟ್‌ವೇರ್ ಒಂದು ಚಿಕ್ಕ ಕಂಪನಿಯದು. ದುಡ್ಡು ಕೊಟ್ಟು ತಂದದ್ದು. ಕಂಪ್ಯೂಟರಿನ ಹಿಂಭಾಗಕ್ಕೆ ಡಾಂಗಲ್ ಅನ್ನೋ ಬೀಗದ ಕೈಯಂಥ ಒಂದು ಸಣ್ಣ ಸಾಧನ ಸಿಕ್ಕಿಸಿದರೆ ಮಾತ್ರ ತೆರೆಯುತ್ತಿತ್ತು. ಎಂಟು ವರ್ಷ ಚೆನ್ನಾಗಿಯೇ ನಡೆಯಿತು, ಅದನ್ನು ಹೇಳಲೇಬೇಕು. ಆಮೇಲೆ ಒಂದು ದಿನ ಅವರು ಫೋನ್ ಎತ್ತುವುದು ನಿಂತಿತು. ಅಷ್ಟು ಹೊತ್ತಿಗೆ ನಮ್ಮ 23,000 ಪುಸ್ತಕಗಳ ವಿವರ ಅದರ ಹೊಟ್ಟೆಯಲ್ಲಿತ್ತು. ಹೊರಗೆ ತೆಗೆಯಲು ದಾರಿಯೇ ಇರಲಿಲ್ಲ. ಅಕ್ಸೆಷನ್ ರಿಜಿಸ್ಟರನ್ನು, ಅಂದರೆ ಬಂದ ಪುಸ್ತಕಗಳ ದಾಖಲೆಯನ್ನು, ಪ್ರಿಂಟ್ ಹಾಕಬಹುದಿತ್ತು, ಅಷ್ಟೇ. ಕಂಪ್ಯೂಟರ್ ಸೈನ್ಸ್ ವಿಭಾಗದ ಮೇಷ್ಟ್ರೊಬ್ಬರು ಆ ಪ್ರಿಂಟನ್ನು ಪ್ರಿಂಟರಿಗೆ ಕಳಿಸದೆ ಫೈಲಿಗೆ ಕಳಿಸುವ ಉಪಾಯ ಮಾಡಿದರು. ನಾನೂ ಅವರೂ ಕೂತು ಒಂದೊಂದು ಸಾಲನ್ನೂ ಲೇಖಕ, ಹೆಸರು, ಪ್ರಕಾಶಕ, ಬೆಲೆ ಅಂತ ಬಿಡಿಸಿದೆವು. ಕನ್ನಡ ಪುಸ್ತಕಗಳ ಹೆಸರೆಲ್ಲ ಹಳೆಯ ಫಾಂಟಿನ ಸಂಕೇತದಲ್ಲಿದ್ದವು. ಆ ಫಾಂಟ್ ತೆಗೆದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡ್‌ಗೆ ತಿರುಗಿಸುವುದಕ್ಕೇ ಎರಡು ತಿಂಗಳು ಹೋಯಿತು. ಆಗಲೇ ನಾನು ನಿರ್ಧಾರ ಮಾಡಿದ್ದು, ಇನ್ನು ಮುಂದೆ ನಮ್ಮ ಮಾಹಿತಿ ನಮ್ಮ ಕೈಗೆ ಸಿಗದ ಕಡೆ ಇರಬಾರದು ಅಂತ.

ಸಮಿತಿಯ ಸಭೆಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಇದ್ದರು. ಮೂರು ಕೊಟೇಷನ್ ನೋಡಿದರು. ನಾಲ್ಕನೆಯದು, ಕೋಹಾದ್ದು, ಹುಡುಕಿದರು.

‘ಇದಕ್ಕೆ ಕೊಟೇಷನ್ ಎಲ್ಲಿ ಮೇಡಂ?’

‘ಇದನ್ನ ಯಾರೂ ಮಾರಲ್ಲ ಸರ್. ಓಪನ್ ಸೋರ್ಸು. ಇಳಿಸಿಕೊಂಡು ಹಾಕ್ಕೊಳ್ಳೋದು.’

‘ಯಾರೂ ಮಾರಲ್ಲ ಅಂದ್ರೆ ಗ್ಯಾರಂಟಿ ಯಾರು ಕೊಡ್ತಾರೆ?’

ನಾನು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕೊನೆಯ ಸಾಲಿನ 8ನ್ನು ತೋರಿಸಿದೆ. ದುಡ್ಡು ಕೊಟ್ಟು ತಂದವರ ಫೋನೇ ಹತ್ತುತ್ತಿಲ್ಲವಲ್ಲ ಸರ್ ಅಂತಲೂ ಹೇಳಿದೆ. ಅವರು ಒಪ್ಪಿಕೊಂಡರು. ಆಗ ನನಗೆ ಅದು ಫೈಲು ನೋಡುವವರ ಪ್ರಶ್ನೆ ಅನ್ನಿಸಿತ್ತು. ಆ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಅಂತ ಈಗ ಅನ್ನಿಸುತ್ತದೆ.

ಆ 8ರ ಒಳಗೆ ಏನಿತ್ತು?

ನಿಜವಾಗಿ ನಾನು ನೋಡಿದ್ದು ಮೂರು ವಿಷಯ. ಒಂದು, ವಯಸ್ಸು. ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಲೆವಿನ್ ಅನ್ನೋ ಚಿಕ್ಕ ಊರಿನ ಸುತ್ತ. ಅಲ್ಲಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್‌ನ ಹಳೆಯ ವ್ಯವಸ್ಥೆಗೆ 2000ದ ಇಸವಿ ದಾಟುವ ಶಕ್ತಿ ಇರಲಿಲ್ಲ. ವೈಟುಕೆ ಅಂತ ಎಲ್ಲರೂ ಹೆದರಿದ್ದ ಕಾಲ ಅದು. ಕಟಿಪೋ ಅನ್ನೋ ಸಣ್ಣ ಸಂಸ್ಥೆಯ ಕೈಲಿ ಹೊಸದು ಬರೆಸಿದರು. 2000ದ ಜನವರಿಯಲ್ಲಿ ಅದು ಓಡಲು ಶುರುವಾಯಿತು. ಬರೆಸಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟರು. ಕೋಹಾ ಅಂದರೆ ಮಾವೋರಿ ಭಾಷೆಯಲ್ಲಿ ಉಡುಗೊರೆ. ಅದೂ ಪಡೆದವರು ಮುಂದೊಂದು ದಿನ ಹಿಂದಿರುಗಿಸಬೇಕಾದ ಉಡುಗೊರೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಅಂತೀವಲ್ಲ, ಹೆಚ್ಚು ಕಡಿಮೆ ಅದೇ. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಒಂದು ಗ್ರಂಥಾಲಯ ಇನ್ನೊಂದು ಗ್ರಂಥಾಲಯಕ್ಕೆ ಹಾಕಿದ ಮುಯ್ಯಿ!

ಎರಡನೆಯದು, ಬಳಸುವವರು. ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ, ನಮ್ಮ ದೇಶದಲ್ಲೂ ಜಾಸ್ತಿ ಇದ್ದಾರೆ, 2011ರಲ್ಲಿ ಅವರ ಜಾಗತಿಕ ಸಮ್ಮೇಳನ ಮುಂಬೈ ಪಕ್ಕದ ಠಾಣೆಯಲ್ಲೇ ನಡೆದಿತ್ತು. ಮೂರನೆಯದು, ಚಟುವಟಿಕೆ. ಪ್ರತಿ ವರ್ಷ ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ, ನಡುವೆ ಪ್ರತಿ ತಿಂಗಳೂ ದೋಷ ತಿದ್ದಿದ ಆವೃತ್ತಿ. ವಯಸ್ಸಾಗಿದೆ, ಜನ ಇದ್ದಾರೆ, ಕೆಲಸ ನಡೆಯುತ್ತಿದೆ. ಹಾಕು 8.

ಪುಸ್ತಕದ ವಿಷಯದಲ್ಲಾದರೆ ನಾನು ಹೀಗೆ ಮಾಡುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡಿದ ಯಾರೂ ರಕ್ಷಾಪುಟ ನೋಡಿ ಪುಸ್ತಕದ ಬಾಳಿಕೆ ಹೇಳುವುದಿಲ್ಲ. ಮಧ್ಯಕ್ಕೆ ಬಿಚ್ಚಿ ಬೆನ್ನು ನೋಡುತ್ತೇವೆ. ಹೊಲಿಗೆ ಇದೆಯಾ, ಬರೀ ಗೋಂದು ಹಚ್ಚಿದ್ದಾರಾ? ಗೋಂದಿನದಾದರೆ ಪರೀಕ್ಷೆ ಮುಗಿಯುವ ಹೊತ್ತಿಗೆ ಹಾಳೆ ಕಿತ್ತು ಬರುತ್ತವೆ. ಎಷ್ಟನೆಯ ಮುದ್ರಣ, ಎಷ್ಟು ಪ್ರತಿ ಖರ್ಚಾಗಿದೆ ಅನ್ನೋದು ಆ ಬೆನ್ನಿನ ಬಗ್ಗೆ ಏನೂ ಹೇಳುವುದಿಲ್ಲ. ಸಾಫ್ಟ್‌ವೇರಿನ ಬೆನ್ನು ಎಲ್ಲಿರುತ್ತದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ವಯಸ್ಸಿನ ವಿಷಯವನ್ನೇ ತಗೊಳ್ಳಿ. ಓಪನ್‌ಎಸ್‌ಎಸ್‌ಎಲ್ ಶುರುವಾಗಿದ್ದು 1998ರಲ್ಲಿ. ಬ್ಯಾಂಕಿನ ಜಾಲತಾಣದಲ್ಲಿ ಬೀಗದ ಗುರುತು ಕಾಣುತ್ತದಲ್ಲ, ಆ ಬೀಗದ ಹಿಂದಿನ ಕೆಲಸ ಬಹಳ ಕಡೆ ಅದರದ್ದೇ. 2014ರ ಏಪ್ರಿಲ್‌ನಲ್ಲಿ ಅದರೊಳಗಿನ ಹಾರ್ಟ್‌ಬ್ಲೀಡ್ ಅನ್ನೋ ದೋಷ ಹೊರಗೆ ಬಂತು. ಎರಡು ಕಂಪ್ಯೂಟರ್‌ಗಳು ನಡುನಡುವೆ ‘ಇದ್ದೀಯಾ?’ ಅಂತ ಕೇಳಿಕೊಳ್ಳುವ ಒಂದು ಏರ್ಪಾಡಿತ್ತು. ಇಷ್ಟು ಉದ್ದದ ಮಾತು ಕಳಿಸಿದ್ದೇನೆ, ಅಷ್ಟನ್ನೇ ವಾಪಸ್ ಕಳಿಸು ಅಂತ ಒಂದು ಕಡೆಯವರು ಹೇಳುತ್ತಾರೆ. ಹೇಳಿದ ಉದ್ದ ನಿಜವಾ ಅಂತ ಇನ್ನೊಂದು ಕಡೆ ಪರೀಕ್ಷಿಸುತ್ತಿರಲಿಲ್ಲ. ನಾಲ್ಕು ಅಕ್ಷರ ಕಳಿಸಿ 64 ಕಿಲೋಬೈಟ್ ಅಂದರೆ, ಉಳಿದದ್ದನ್ನು ತನ್ನ ನೆನಪಿನಿಂದ ತುಂಬಿಸಿ ಕೊಡುತ್ತಿತ್ತು. ಅದರಲ್ಲಿ ಯಾರದ್ದೋ ಪಾಸ್‌ವರ್ಡ್ ಇರಬಹುದು, ಬೀಗದ ಕೀಲಿಯೇ ಇರಬಹುದು. ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಜಗತ್ತಿಗೆ ಗೊತ್ತಾಯಿತು, ಅಷ್ಟು ದೊಡ್ಡ ಭಾರ ಹೊತ್ತ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ. ಪೂರ್ತಿ ಸಮಯ ಅದಕ್ಕೇ ಕೊಟ್ಟಿದ್ದವರು ಒಬ್ಬರು. ನನ್ನ ಸ್ಟೇಟ್‌ಮೆಂಟಿನಲ್ಲಿ ಹಾಕಿದ್ದರೆ ವಯಸ್ಸಿಗೂ ಬಳಕೆಗೂ ಸೇರಿಸಿ ಅದಕ್ಕೆ 10 ಕೊಟ್ಟಿರುತ್ತಿದ್ದೆ.

ಸರಿ, ಹಾಗಾದರೆ ಎಷ್ಟು ಜನ ನೋಡಿಕೊಳ್ಳುತ್ತಾರೆ ಅಂತ ನೋಡೋಣ ಅಂದರೆ, 2024ರ ಎಕ್ಸ್‌ಝಡ್ ಪ್ರಕರಣ ಎದುರಿಗೆ ನಿಲ್ಲುತ್ತದೆ. ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಉಪಕರಣ ಅದು. ಲಿನಕ್ಸ್ ಇರುವ ಕಡೆಯೆಲ್ಲ ಹೆಚ್ಚು ಕಡಿಮೆ ಇರುತ್ತದೆ. ಲಾಸ್ಸೆ ಕೊಲಿನ್ ಅನ್ನುವವರು ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. ದಣಿದಿದ್ದರು. ತಮ್ಮ ಮಾನಸಿಕ ಆರೋಗ್ಯದ ಬಗ್ಗೆ 2022ರಲ್ಲಿ ಅವರೇ ಹೇಳಿಕೊಂಡಿದ್ದರು. 2021ರಿಂದಲೇ ಜಿಯಾ ಟಾನ್ ಅನ್ನೋ ಹೆಸರಿನ ಒಬ್ಬರು ಸಹಾಯಕ್ಕೆ ಬಂದಿದ್ದರು. ಕೆಲಸ ನಿಧಾನ ಆಗ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಇನ್ನೂ ಕೆಲವು ಹೆಸರಿನವರು ಒತ್ತಾಯ ಮಾಡುತ್ತಲೇ ಇದ್ದರು. ಕೊನೆಗೆ ಆ ಹೊಸಬರಿಗೆ ಅಧಿಕಾರ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಬಂದ 5.6.0 ಆವೃತ್ತಿಯ ಒಳಗೆ ಕಳ್ಳಬಾಗಿಲು ಇತ್ತು. ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ ಅದನ್ನು ಬಚ್ಚಿಟ್ಟಿದ್ದರು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ಓದುವ ಮೂಲದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್ ತಮ್ಮ ಕಂಪ್ಯೂಟರ್‌ಗೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಮುಖ್ಯ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗೆ ಸೇರುವ ಮೊದಲೇ ಸಿಕ್ಕಿಬಿತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಕಿಯ ಲೆಕ್ಕದಲ್ಲಿ ನೋಡಿ. ಒಬ್ಬರೇ ಇದ್ದ ಕಡೆ ಇಬ್ಬರಾದರು. ನಿಂತಂತಿದ್ದ ಕೆಲಸ ಓಡತೊಡಗಿತು. ಬಿಡುಗಡೆಗಳು ಬೇಗ ಬೇಗ ಬಂದವು. ಯಾವ ಪಟ್ಟಿ ಇಟ್ಟುಕೊಂಡು ಅಂಕ ಹಾಕಿದರೂ ಕಳ್ಳ ಒಳಗೆ ಬಂದ ಮೇಲೇ ಜಾಸ್ತಿ ಅಂಕ ಬರುತ್ತಿತ್ತು. ಆ ಹಿರಿಯರು ದಣಿದಿದ್ದಾರೆ, ಅವರ ಜೊತೆ ನಿಲ್ಲುವವರು ಬೇಕು ಅನ್ನೋದನ್ನು ಯಾವ ಕಾಲಂ ಹೇಳುತ್ತಿತ್ತು?

ಹೀಗೆ ಅಂಕ ಹಾಕುವ ಮಾದರಿಗಳು ಇಲ್ಲವೆಂದಲ್ಲ. 2004ರಲ್ಲಿ ಕ್ಯೂಸಾಸ್ ಬಂತು, 2005ರಲ್ಲಿ ಓಪನ್‌ಬಿಆರ್‌ಆರ್ ಬಂತು. ಈಗ ಓಪನ್ ಸೋರ್ಸ್ ಸಾಫ್ಟ್‌ವೇರಿನ ಸುರಕ್ಷತೆಗೆ ದುಡಿಯುವ ಓಪನ್‌ಎಸ್‌ಎಸ್‌ಎಫ್‌ನವರ ಸ್ಕೋರ್‌ಕಾರ್ಡ್ ಇದೆ. ಒಂದೊಂದು ಅಂಶಕ್ಕೂ 0ಯಿಂದ 10ರವರೆಗೆ ಅಂಕ ಕೊಡುತ್ತದೆ, ಉಪಯೋಗಕ್ಕೂ ಬರುತ್ತದೆ. ಆದರೆ ಕಳೆದ 90 ದಿನಗಳಲ್ಲಿ ಏನಾದರೂ ಕೆಲಸ ನಡೆದಿದೆಯಾ ಅನ್ನೋದು ಅದರ ಒಂದು ಪರೀಕ್ಷೆ. ಪುಸ್ತಕದ ಪುಟ ಜೋಡಿಸುವ ಟೆಕ್ (TeX) ಅನ್ನೋ ಸಾಫ್ಟ್‌ವೇರನ್ನು ಅದರ ಮುಂದೆ ನಿಲ್ಲಿಸಿ ನೋಡಿ. ಅದನ್ನು ಬರೆದ ಡೊನಾಲ್ಡ್ ಕನೂತ್ ಅದರಲ್ಲಿ ಇನ್ನು ಹೊಸದೇನೂ ಸೇರಿಸುವುದಿಲ್ಲ ಅಂತ ನಿಲ್ಲಿಸಿ ದಶಕಗಳಾದವು. ಕೆಲವು ವರ್ಷಕ್ಕೊಮ್ಮೆ ದೋಷ ತಿದ್ದುತ್ತಾರೆ, ಆವೃತ್ತಿ ಸಂಖ್ಯೆ ಪೈಗೆ ಒಂದಂಕಿ ಹತ್ತಿರವಾಗುತ್ತದೆ. 2021ರದು 3.141592653. ಅಥವಾ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ನೋಡಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಬೆರಳೆಣಿಕೆಯ ಜನ ಬರೆಯುತ್ತಾರೆ, ಹೊರಗಿನವರ ಕೋಡನ್ನು ತೆಗೆದುಕೊಳ್ಳುವುದೇ ಇಲ್ಲ. ಸಮುದಾಯ ಅನ್ನೋ ಕಾಲಂನಲ್ಲಿ ಸೊನ್ನೆ. ಆದರೆ ಅವರ ಪರೀಕ್ಷೆಯ ಕೋಡು ಮೂಲ ಕೋಡಿಗಿಂತ ಸುಮಾರು 590 ಪಟ್ಟು ದೊಡ್ಡದು. 2050ರವರೆಗೆ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟಿದ್ದಾರೆ. ಇಷ್ಟು ಗಟ್ಟಿ ಹೊಲಿಗೆ ನಾನು ಬೇರೆಲ್ಲೂ ಕಂಡಿಲ್ಲ.

ಸೂರ್ಯ ಸಿಗಲಿಲ್ಲ

ಕೋಹಾ ಬಂದು ನಾಲ್ಕೈದು ತಿಂಗಳಾಗಿತ್ತು. ಇಶ್ಯೂ, ರಿಟರ್ನ್, ದಂಡ, ಬಾರ್‌ಕೋಡ್, ಎಲ್ಲ ಬೆಣ್ಣೆಯಂತೆ ನಡೆಯುತ್ತಿತ್ತು. ಕಾಲೇಜುಗಳಿಗೆ ಶ್ರೇಣಿ ಕೊಡುವ ನಾಕ್‌ನವರು ಬಂದು ನೋಡಿ ಹೊಗಳಿ ಹೋಗಿದ್ದರು. ಒಂದು ಮಧ್ಯಾಹ್ನ ಬಿಎಸ್ಸಿ ಕೊನೆಯ ವರ್ಷದ ಹುಡುಗಿ ಕೌಂಟರಿಗೆ ಬಂದಳು. ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಸೆಮಿನಾರಿಗೆ ಸೂರ್ಯನ ಬಗ್ಗೆ ಕನ್ನಡ ಪುಸ್ತಕ ಬೇಕಿತ್ತು.

‘ಮೇಡಂ, ಸೂರ್ಯ ಅಂತ ಹಾಕಿದೆ. ಯಾವುದೂ ಇಲ್ಲ ಅಂತ ತೋರಿಸ್ತಿದೆ.’

ಅವತ್ತು ಬೆಳಿಗ್ಗೆಯಷ್ಟೇ ನಾನು ಆ ಪುಸ್ತಕವನ್ನು ಕೈಯಾರೆ ರ‍್ಯಾಕಿಗೆ ಸೇರಿಸಿದ್ದೆ. 523.7, ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಸೂರ್ಯನ ಜಾಗ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಒಂದಲ್ಲ, ಮೂರು ಪುಸ್ತಕ ಇದ್ದವು. ಅವಳು ಮೂರನ್ನೂ ಎತ್ತಿಕೊಂಡು ಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತೆ. ಸೂರ್ಯ ಅಂತ ಟೈಪ್ ಮಾಡಿದೆ. ಇಲ್ಲ. ಇಂಗ್ಲಿಷ್‌ನಲ್ಲಿ ಹುಡುಕಿದೆ. ಇಂಗ್ಲಿಷ್ ಪುಸ್ತಕಗಳು ಸಾಲಾಗಿ ಬಂದವು. ಎಷ್ಟು ಮಕ್ಕಳು ಇಲ್ಲ ಅನ್ನೋ ಉತ್ತರ ನೋಡಿ, ನಮ್ಮನ್ನು ಕೇಳದೆ ಸುಮ್ನೆ ವಾಪಸ್ ಹೋಗಿರಬಹುದು ಅನ್ನಿಸಿ ಹೊಟ್ಟೆಯಲ್ಲಿ ಸಂಕಟವಾಯಿತು. ಈಗಲೂ ಆಗುತ್ತದೆ.

ಬೇರೆ ಜಿಲ್ಲೆಯಲ್ಲಿ ಕೋಹಾ ನೋಡಿಕೊಳ್ಳುತ್ತಿದ್ದ ಗ್ರಂಥಪಾಲಕರೊಬ್ಬರಿಗೆ ಫೋನ್ ಮಾಡಿದೆ. ‘ಇಂಡೆಕ್ಸು ಸಿಎಚ್‌ಆರ್‌ನಲ್ಲಿದೆಯಾ, ಐಸಿಯುನಲ್ಲಿದೆಯಾ ನೋಡಿ’ ಅಂದರು. ಕೋಹಾದಲ್ಲಿ ಹುಡುಕಾಟದ ಕೆಲಸವನ್ನು ಝೀಬ್ರಾ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಮಾಡುತ್ತದೆ. ಪದಗಳನ್ನು ಬಿಡಿಸಿ ಇಟ್ಟುಕೊಳ್ಳಲು ಅದಕ್ಕೆ ಎರಡು ದಾರಿ. ಒಂದು, ಸಿಎಚ್‌ಆರ್, ಇಂಗ್ಲಿಷ್‌ನಂಥ ಅಕ್ಷರಗಳ ಪಟ್ಟಿಯನ್ನು ನೆಚ್ಚಿಕೊಂಡದ್ದು, ಇನ್ನೊಂದು, ಐಸಿಯು, ಯೂನಿಕೋಡ್ ಬಲ್ಲದ್ದು. ನಾವು ಕೇಳದೆ ಸಿಗುವುದು ಮೊದಲನೆಯದು. ಬದಲಾಯಿಸಿ, ಇಂಡೆಕ್ಸನ್ನು ಮತ್ತೆ ಮೊದಲಿಂದ ಕಟ್ಟಿದೆವು. ಹುಡುಕಿದೆ. ಮೂರರಲ್ಲಿ ಎರಡು ಪುಸ್ತಕ ಬಂದವು.

ಮೂರನೆಯದು ಯಾಕೆ ಬರಲಿಲ್ಲ? ಇದನ್ನು ಕಂಡುಹಿಡಿಯಲು ಒಂದು ವಾರ ಬೇಕಾಯಿತು. ಆ ಪುಸ್ತಕದ ಮುಖಪುಟದಲ್ಲಿ ಹೆಸರು ‘ಸೂರ‍್ಯ’ ಅಂತ ಅಚ್ಚಾಗಿತ್ತು. ಅರ್ಕಾವತ್ತು ಇಲ್ಲ, ರಕಾರಕ್ಕೆ ಯ ಒತ್ತು. ಕೆಲವು ಪ್ರೆಸ್ಸಿನವರು ಹೀಗೆ ಹಾಕುತ್ತಾರೆ, ಕೆಲವರು ಹಾಗೆ ಹಾಕುತ್ತಾರೆ. ಓದುವವರಿಗೆ ಎರಡೂ ಒಂದೇ. ಆದರೆ ಹೀಗೆ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಬೇಕು. ಝೀರೋ ವಿಡ್ತ್ ಜಾಯ್ನರ್ ಅಂತಾರೆ. ಕಂಪ್ಯೂಟರಿಗೆ ಅದು ಬೇರೆಯೇ ಪದ. ಕಾರ್ಯ, ಆಚಾರ್ಯ, ಸೌಂದರ್ಯ, ಆಶ್ಚರ್ಯ... ನಮ್ಮ ಪಟ್ಟಿಯಲ್ಲಿ ಇಂಥ ಪದ ಇದ್ದ ದಾಖಲೆಗಳನ್ನೆಲ್ಲ ಹುಡುಕಿ ಆ ಕಾಣದ ಅಕ್ಷರವನ್ನು ತೆಗೆದೆವು.

ಅವತ್ತಿಂದ ನನ್ನ 8 ಎರಡಾಗಿ ಒಡೆಯಿತು. ಇಂಗ್ಲಿಷ್ ಪುಸ್ತಕ ಹುಡುಕುವವರಿಗೆ ಅದು 9 ಇರಬಹುದು. ಸೂರ್ಯ ಹುಡುಕಿಕೊಂಡು ಬಂದ ಆ ಹುಡುಗಿಗೆ 3. ಅದೇ ಸಾಫ್ಟ್‌ವೇರ್, ಅದೇ ದಿನ. ಹದಿನೇಳು ವರ್ಷ ಸಾವಿರಾರು ಜನ ಬಳಸಿ ಪಳಗಿಸಿದ್ದಾರೆ ನಿಜ. ಆದರೆ ಅವರು ಹುಡುಕಿದ ಪದಗಳು ಬೇರೆ. ಯಾವ ದಾರಿಯಲ್ಲಿ ಜನ ಓಡಾಡಿದ್ದಾರೋ ಆ ದಾರಿ ಸವೆದು ನಯವಾಗಿದೆ. ಕನ್ನಡದ ದಾರಿಯಲ್ಲಿ ಇನ್ನೂ ಹುಲ್ಲು ಬೆಳೆದಿತ್ತು. ಹಾಗಾಗಿ ಯಾರಾದರೂ ಒಂದು ಸಾಫ್ಟ್‌ವೇರ್ ಮಾಗಿದೆ ಅಂದರೆ ನನಗೆ ಮೊದಲು ಬರುವ ಪ್ರಶ್ನೆ, ಯಾರಿಗೆ ಮಾಗಿದೆ ಅನ್ನೋದು. ನನ್ನ ಕಾಗದದಲ್ಲಿ ಆ ಕಾಲಂ ಇರಲೇ ಇಲ್ಲ. ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಯಾವುದರಲ್ಲೂ ನಾನು ಒಂದು ಕನ್ನಡ ಪದ ಕೂಡ ಟೈಪ್ ಮಾಡಿ ನೋಡಿರಲಿಲ್ಲ. ಕನ್ನಡ ಪುಸ್ತಕಗಳೇ ಅರ್ಧಕ್ಕಿಂತ ಜಾಸ್ತಿ ಇರುವ ಗ್ರಂಥಾಲಯಕ್ಕೆ!

‘ಕೆಲಸ ಮಾಡಲಿಲ್ಲ’ ಅಂತ ಬರೆದ ರಾತ್ರಿ

ಆ ವಾರ ಪೂರ್ತಿ ಕಾರಣ ಹುಡುಕುತ್ತಾ ನಾನು ಕೋಹಾದ ಬಗ್‌ಝಿಲ್ಲಾದಲ್ಲಿ ಓಡಾಡಿದ್ದೆ. ದೋಷಗಳನ್ನು ದಾಖಲಿಸುವ ಜಾಗ ಅದು. ಅದಕ್ಕೂ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಸಾವಿರಾರು ದೂರುಗಳು. ಮೊದಲು ನೋಡಿದಾಗ ಗಾಬರಿಯಾಯಿತು. ಇಷ್ಟು ದೋಷ ಇರುವುದಕ್ಕಾ ನಾನು 8 ಕೊಟ್ಟೆ? ಓದುತ್ತಾ ಹೋದಂತೆ ಅಲ್ಲಿನ ರೀತಿ ಗೊತ್ತಾಯಿತು. ಯಾರೋ ಒಬ್ಬರು ದೋಷ ಹೇಳುತ್ತಾರೆ. ಇನ್ನೊಬ್ಬರು ತಿದ್ದುಪಡಿ ಬರೆಯುತ್ತಾರೆ. ಬರೆದವರೇ ಸರಿ ಅಂತ ಹೇಳುವ ಹಾಗಿಲ್ಲ. ಬೇರೆಯವರು ಹಾಕಿ ನೋಡಿ ಸೈನ್ ಆಫ್ ಮಾಡಬೇಕು, ಅಂದರೆ ಸರಿ ಇದೆ ಅಂತ ಒಪ್ಪಬೇಕು. ಆಮೇಲೆ ಗುಣಮಟ್ಟ ತಂಡದವರು ಇನ್ನೊಮ್ಮೆ ನೋಡಬೇಕು. ಅದಾದ ಮೇಲೆ ಆ ಆವೃತ್ತಿಯ ಹೊಣೆ ಹೊತ್ತವರು ಒಳಗೆ ಸೇರಿಸುತ್ತಾರೆ. ಯಾರು ಯಾವಾಗ ಏನಂದರು ಅನ್ನೋದೆಲ್ಲ ಅಲ್ಲೇ ಇದೆ, ಹತ್ತು ವರ್ಷ ಹಿಂದಿನದೂ ಸಿಗುತ್ತದೆ. ನಮ್ಮ ಅಕ್ಸೆಷನ್ ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ, ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು. ಅದೇ ಶಿಸ್ತು ಅಲ್ಲಿ ಕಂಡಿತು. ನನಗೆ ಪರಿಚಯದ ಮನೆಗೆ ಬಂದ ಹಾಗಾಯಿತು.

ಸೈನ್ ಆಫ್ ಮಾಡಲು ಪ್ರೋಗ್ರಾಮಿಂಗ್ ಬರಬೇಕಿಲ್ಲ ಅಂತಲೂ ಆಗಲೇ ತಿಳಿದದ್ದು. ಸ್ಯಾಂಡ್‌ಬಾಕ್ಸ್ ಅಂತ ಇಟ್ಟಿದ್ದಾರೆ. ತಿದ್ದುಪಡಿ ಹಾಕಿದ ಒಂದು ಕೋಹಾವನ್ನು ಬ್ರೌಸರಿನಲ್ಲೇ ತೆರೆದು, ಕೊಟ್ಟ ಹೆಜ್ಜೆಗಳನ್ನು ಮಾಡಿ ನೋಡಬಹುದು. ಗ್ರಂಥಪಾಲಕರಿಗೆಂದೇ ಮಾಡಿದ್ದು. ಒಂದು ರಾತ್ರಿ ಊಟ ಆದ ಮೇಲೆ ಧೈರ್ಯ ಮಾಡಿ ಒಂದನ್ನು ಎತ್ತಿಕೊಂಡೆ. ರಸೀದಿಯಲ್ಲಿ ತಾರೀಖು ಬರುವ ರೀತಿಯ ಬಗ್ಗೆ ಒಂದು ಸಣ್ಣ ತಿದ್ದುಪಡಿ. ಹೆಜ್ಜೆ ಹೆಜ್ಜೆಯಾಗಿ ಮಾಡಿದೆ. ನಾಲ್ಕನೆಯ ಹೆಜ್ಜೆಯಲ್ಲಿ ಅವರು ಹೇಳಿದ ಹಾಗೆ ಬರಲಿಲ್ಲ. ಮೂರು ಸಲ ಮಾಡಿದೆ. ಬರಲಿಲ್ಲ. ನನ್ನದೇ ತಪ್ಪಿರಬೇಕು, ಇಷ್ಟು ದೊಡ್ಡವರು ಬರೆದದ್ದರಲ್ಲಿ ತಪ್ಪಿರುತ್ತದಾ ಅಂತ ಅರ್ಧ ಗಂಟೆ ಹಿಂದೆ ಮುಂದೆ ನೋಡಿದೆ. ಕೊನೆಗೆ ನನ್ನ ಇಂಗ್ಲಿಷ್‌ನಲ್ಲಿ ಎರಡು ಸಾಲು ಬರೆದೆ. ಮೂರು ಸಲ ನೋಡಿದೆ, ಕೆಲಸ ಮಾಡಲಿಲ್ಲ, ತಾರೀಖು ಹೀಗೆ ಬರುತ್ತಿದೆ. ‘ಫೇಲ್ಡ್ ಕ್ಯೂಎ’, ಅಂದರೆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಅನ್ನೋ ಸ್ಥಿತಿಗೆ ಬದಲಾಯಿಸಿದೆ. ಕೈ ಸ್ವಲ್ಪ ನಡುಗುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು. ಹೌದು, ಆ ಸಂದರ್ಭ ನಾನು ಯೋಚಿಸಿರಲಿಲ್ಲ, ನೋಡಿದ್ದಕ್ಕೆ ಧನ್ಯವಾದ, ಸರಿ ಮಾಡಿದ್ದೇನೆ, ಇನ್ನೊಮ್ಮೆ ನೋಡುತ್ತೀರಾ? ಅಷ್ಟೇ. ಸಮಜಾಯಿಷಿ ಇಲ್ಲ, ಸಿಟ್ಟಿಲ್ಲ, ನೀವು ಯಾರು ಅಂತ ಕೇಳಲಿಲ್ಲ. ಕೆಲಸ ಮಾಡಲಿಲ್ಲ ಅನ್ನೋ ಮಾತಿಗೆ ಅಲ್ಲಿ ಮೊದಲೇ ಒಂದು ಜಾಗ ಇಟ್ಟಿದ್ದರು. ಪುಸ್ತಕದ ಬೆನ್ನು ನೋಡುವುದು ಅಂದೆನಲ್ಲ, ನನಗೆ ಆ ಬೆಳಿಗ್ಗೆ ಅದು ಕಂಡಿತು. ಹಳೆಯ ಸಾಫ್ಟ್‌ವೇರಿನವರು ಫೋನ್ ಎತ್ತುತ್ತಿದ್ದ ಕಾಲದಲ್ಲೂ, ದೋಷ ಹೇಳಿದರೆ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇರಬೇಕು ಮೇಡಂ’ ಅನ್ನುತ್ತಿದ್ದರು. ಲೆಕ್ಕಪತ್ರದ ಸರ್ ಕೇಳಿದ ಗ್ಯಾರಂಟಿಗೆ ಸಹಿ ಮಾಡುವವರು ಇಲ್ಲೂ ಯಾರೂ ಇಲ್ಲ. ಆದರೆ ದೂರು ಎಲ್ಲಿಗೆ ಹೋಗುತ್ತದೆ, ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದನ್ನು ಕೊಳ್ಳುವ ಮೊದಲೇ ಕೂತು ಓದಬಹುದು. ಮಾರುವ ಸಾಫ್ಟ್‌ವೇರಿನಲ್ಲಿ ಆ ರಿಜಿಸ್ಟರ್ ನಮಗೆ ತೋರಿಸುವುದೇ ಇಲ್ಲ.

ಹೆಸರಿಗಾಗಿ ಜಗಳ

ಇನ್ನೊಂದು ವಿಷಯ ನಾನು ತಡವಾಗಿ ತಿಳಿದದ್ದು. 2009ರ ಹೊತ್ತಿಗೆ ಕೋಹಾದಲ್ಲಿ ದೊಡ್ಡ ಬಿರುಕು ಬಿಟ್ಟಿತ್ತು. ಬೆಂಬಲ ಕೊಡುತ್ತಿದ್ದ ಅಮೆರಿಕದ ಒಂದು ಕಂಪನಿ ತನ್ನದೇ ಬೇರೆ ಆವೃತ್ತಿ ಮಾಡಿಕೊಂಡಿತು. ಹಳೆಯ ಜಾಲತಾಣದ ಹೆಸರು ಆ ಕಂಪನಿಯ ಕೈಯಲ್ಲಿತ್ತು. ಉಳಿದವರು ಬೇರೆ ಹೆಸರಿನಲ್ಲಿ ಹೊಸ ತಾಣ ಕಟ್ಟಿಕೊಂಡರು. ಆಮೇಲೆ ನ್ಯೂಜಿಲೆಂಡಿನಲ್ಲಿ ಕೋಹಾ ಅನ್ನೋ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳುವ ಅರ್ಜಿ ಬಂತು. ಹುಟ್ಟಿಸಿದ ಊರಿನ ಲೈಬ್ರರಿ ಟ್ರಸ್ಟ್ ತನ್ನ ಮಗುವಿನ ಹೆಸರಿಗಾಗಿ ತಕರಾರು ಹಾಕಬೇಕಾಯಿತು. 2013ರ ಕೊನೆಯಲ್ಲಿ ತೀರ್ಪು ಟ್ರಸ್ಟಿನ ಪರವಾಗಿ ಬಂತು.

ಕೊಳ್ಳುವ ಮೊದಲು ಇದು ಗೊತ್ತಿದ್ದರೆ ಹೆದರಿ ಎರಡಂಕ ಕಳೆಯುತ್ತಿದ್ದೆನೋ ಏನೋ. ಈಗ ಹಾಗನ್ನಿಸುವುದಿಲ್ಲ. ಮನೆಯ ಹೆಸರು, ಬಾಗಿಲು ಕೈಬಿಟ್ಟು ಹೋದಾಗಲೂ ಒಳಗಿದ್ದವರು ಚದುರಲಿಲ್ಲ. ಕೋಡು ಎಲ್ಲರದ್ದಾಗಿತ್ತು, ಎತ್ತಿಕೊಂಡು ನಡೆದರು. ಬೇರೆ ಬೇರೆ ದೇಶದ ಗ್ರಂಥಾಲಯಗಳು, ಬೇರೆ ಬೇರೆ ಸಣ್ಣ ಕಂಪನಿಗಳು ಹೊರೆ ಹಂಚಿಕೊಂಡಿದ್ದವು. ಎಕ್ಸ್‌ಝಡ್‌ನ ಆ ಒಬ್ಬ ಮನುಷ್ಯನಿಗೆ ಇದೇ ಇರಲಿಲ್ಲ ಅಲ್ವಾ? ಅವರು ಬರೆದ ಕೋಡಿನಲ್ಲಿ ಕುಂದಿರಲಿಲ್ಲ. ಜೊತೆಗೆ ನಿಂತು ಹೊರೆ ಹಿಡಿಯುವವರು ಇರಲಿಲ್ಲ. ಅದರಿಂದ ಪ್ರಯೋಜನ ಪಡೆದ ನಾವೆಲ್ಲ ಮುಯ್ಯಿ ತೀರಿಸಲೇ ಇಲ್ಲ.

ಇಪ್ಪತ್ತು ಹೆಸರುಗಳು

ಕಳೆದ ವರ್ಷ ಉತ್ತರ ಕರ್ನಾಟಕದ ಒಂದು ಕಾಲೇಜಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಂಥಪಾಲಕಿ ಫೋನ್ ಮಾಡಿದರು. ಅವರಲ್ಲೂ ಸಮಿತಿ, ಅವರಲ್ಲೂ ಕೊಟೇಷನ್ನು. ‘ಮೇಡಂ, ನಿಮ್ಮ ಕಂಪ್ಯಾರೆಟಿವ್ ಸ್ಟೇಟ್‌ಮೆಂಟ್ ಕಳಸ್ರಿ, ಅದನ್ನ ನೋಡಿ ಮಾಡ್ತೀನಿ’ ಅಂದರು. ಆ ಫೈಲು ತೆಗೆದೆ. 8 ಅಲ್ಲೇ ಇತ್ತು, ನೀಲಿ ಪೆನ್ನಿನಲ್ಲಿ, ಸುತ್ತ ಒಂದು ವೃತ್ತ ಬೇರೆ. ಕಳಿಸಲು ಮನಸ್ಸಾಗಲಿಲ್ಲ. ಅದರ ಬದಲು ಇಪ್ಪತ್ತು ಕನ್ನಡ ಪುಸ್ತಕಗಳ ಹೆಸರು ಬರೆದು ಕಳಿಸಿದೆ. ಇಷ್ಟು ವರ್ಷದಲ್ಲಿ ನಮ್ಮನ್ನು ಕಾಡಿದ ಹೆಸರುಗಳು. ಸೂರ್ಯನದ್ದು ಎರಡೂ ಬಗೆ, ಫ ಅಕ್ಷರದ ಕೆಳಗೆ ಚುಕ್ಕೆ ಇರುವುದು, ಅವಗ್ರಹ ಇರುವುದು, ಹೆಸರಿನ ಅರ್ಧ ಇಂಗ್ಲಿಷ್ ಇರುವುದು. ನಾಲ್ಕು ಸಾಫ್ಟ್‌ವೇರಿನಲ್ಲೂ ಇವನ್ನು ಸೇರಿಸಿ, ಹುಡುಗರ ಕೈಲಿ ಹುಡುಕಿಸಿ ಅಂದೆ. ಆಮೇಲೆ ಅಷ್ಟನ್ನೂ ಹೊರಗೆ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ ಅಂದೆ. ಅದಾದ ಮೇಲೆ ದೋಷದ ರಿಜಿಸ್ಟರ್ ಎಲ್ಲಿದೆ ಕೇಳಿ, ಇದ್ದರೆ ಒಂದು ಸಂಜೆ ಕೂತು ಓದಿ ಅಂದೆ.

ಹತ್ತು ದಿನ ಬಿಟ್ಟು ಮತ್ತೆ ಫೋನ್ ಬಂತು. ‘ಮೇಡಂ, ಕೋಹಾದಾಗ ಹತ್ತೊಂಬತ್ತು ಸಿಕ್ಕಾವ್ರಿ. ಹದಿನಾಲ್ಕನೇದು ಸಿಗವಲ್ದು.’

ಹದಿನಾಲ್ಕನೆಯದು 1857ರ ದಂಗೆಯ ಮೇಲಿನ ಒಂದು ಪುಸ್ತಕ. ಹೆಸರಿನಲ್ಲೇ ಇಸವಿ ಇದೆ, ಕನ್ನಡ ಅಂಕಿಯಲ್ಲಿ. ಅದು ನಮ್ಮಲ್ಲಿ ಬರುತ್ತದಲ್ಲ ಅಂದೆ. ‘ಹುಡುಗ್ರು ಕನ್ನಡ ಅಂಕಿ ಎಲ್ಲಿ ಒತ್ತತಾರ್ರೀ ಮೇಡಂ? ಕೀಬೋರ್ಡಿನಾಗ ಇರೋದನ್ನ ಒತ್ತತಾರ’ ಅಂದರು. ಫೋನ್ ಹಿಡಿದುಕೊಂಡೇ ನಮ್ಮ ಓಪ್ಯಾಕ್ ತೆರೆದೆ. 1857 ಅಂತ ಒತ್ತಿದೆ. ಇಂಗ್ಲಿಷ್ ಪುಸ್ತಕ ನಾಲ್ಕು ಬಂದವು. ಕನ್ನಡದ್ದು ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಇಷ್ಟು ವರ್ಷ ನಮ್ಮಲ್ಲಿ ಯಾರೂ ಹೀಗೆ ಹುಡುಕಿರಲಿಲ್ಲ, ಅಥವಾ ಹುಡುಕಿ ಸುಮ್ಮನೆ ಹೋಗಿದ್ದರು.

ಪಟ್ಟಿಯಲ್ಲಿ ಇಪ್ಪತ್ತೊಂದನೆಯ ಸಾಲು ಸೇರಿಸಿದೆ. ಅದರ ಮುಂದೆ ಅವರ ಊರಿನ ಹೆಸರು ಬರೆದೆ.